ಬಿಳಿ ಕುದುರೆಗೂ ಹಳದಿ ಚಾಕುವಿಗೂ ನಡುವೆ

ಕುವೈತಿನ ಹವಲ್ಲಿಯ ಟ್ರಾವೆಲ್ ಆಫೀಸಿನ ಕೌಂಟರಿನಲ್ಲಿ ಕೂತು ನಾನು ಎಷ್ಟು ಜನಕ್ಕೆ ಟಿಕೆಟ್ ಮಾಡಿಕೊಟ್ಟಿದ್ದೇನೋ ಲೆಕ್ಕವಿಲ್ಲ. ವರ್ಷ ಎಷ್ಟು ಕಳೆದರೂ ನಮ್ಮ ಕರಾವಳಿಯವರು ಕೇಳುವ ಒಂದು ಪ್ರಶ್ನೆ ಮಾತ್ರ ಬದಲಾಗಲಿಲ್ಲ. ಟಿಕೆಟಿನ ಹಾಳೆಯನ್ನು ನನ್ನ ಕಡೆ ತಿರುಗಿಸಿ, ನಾನೇನೋ ಮೋಸ ಮಾಡಿದ ಹಾಗೆ ಮುಖ ಮಾಡಿ ಕೇಳುತ್ತಿದ್ದರು: "ಎಂತ ಇದು, ಊರಿಗೆ ಹೋಗ್ಲಿಕ್ಕೆ ಏಳು ಗಂಟೆ, ಬರ್ಲಿಕ್ಕೆ ಎರಡೇ ಗಂಟೆಯಾ?"

ಹಾಳೆಯಲ್ಲಿ ಅಚ್ಚಾಗುವುದು ಹೊರಡುವ ಊರಿನ ಗಂಟೆ ಮತ್ತು ಇಳಿಯುವ ಊರಿನ ಗಂಟೆ. ಕುವೈತಿಗಿಂತ ನಮ್ಮ ಊರಿನ ಗಡಿಯಾರ ಎರಡೂವರೆ ಗಂಟೆ ಮುಂದೆ. ಹೋಗುವಾಗ ಅದು ಕೂಡಿಕೊಳ್ಳುತ್ತದೆ, ಬರುವಾಗ ಕಳೆದುಹೋಗುತ್ತದೆ. ವಿಮಾನ ಎರಡು ಸಲವೂ ಹಾರುವುದು ನಾಲ್ಕೂವರೆ ಗಂಟೆಯ ಸುಮಾರು. ಇದನ್ನು ನಾನು ಹೋಟೆಲಿನವರಿಗೆ, ಅರ್ದಿಯಾದ ಗೋದಾಮುಗಳಲ್ಲಿ ಕೆಲಸ ಮಾಡುವವರಿಗೆ, ಕೋಟು ಹಾಕಿದ ಅಕೌಂಟೆಂಟರಿಗೆ, ಎಲ್ಲರಿಗೂ ಬಿಡಿಸಿ ಹೇಳಿದ್ದೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ಕೆಲವರಿಗೆ ಗದರಿಯೂ ಹೇಳಿದ್ದೇನೆ. ಹೋಟೆಲಿನ ಒಬ್ಬರು ಮಾತ್ರ ನನ್ನ ವಿವರಣೆಯನ್ನೆಲ್ಲ ತಾಳ್ಮೆಯಿಂದ ಕೇಳಿ, "ಅದೆಲ್ಲ ಅಲ್ಲ ಮೇಡಮ್, ಬರುವಾಗ ಆ ಕಡೆಯಿಂದ ಕಫೀಲ್ ಎಳೀತಾನೆ, ಅದಕ್ಕೇ ಬೇಗ" ಎಂದರು. ಕಫೀಲ್ ಎಂದರೆ ನಮ್ಮ ವೀಸಾದ ಧಣಿ. ಅವತ್ತು ಆಫೀಸಿನಲ್ಲಿ ಎಲ್ಲರೂ ನಕ್ಕಿದ್ದೆವು.

ಇಷ್ಟು ಜನಕ್ಕೆ ಹೇಳಿಕೊಟ್ಟ ಈ ಲೆಕ್ಕ ತಪ್ಪಿದ್ದು ನನ್ನದೇ ಮನೆಯಲ್ಲಿ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗೆ.

ಆ ಮನೆ ಆಫೀಸಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಮೊಬೈಲ್ ಅಂಗಡಿಗಳ ಸಾಲಿನ ಹಿಂದಿನ ಹಳೇ ಕಟ್ಟಡದಲ್ಲಿತ್ತು. ಎರಡು ಕೋಣೆ, ಒಂದು ಬಾತ್‌ರೂಮು, ಮೂವರು ಹೆಂಗಸರು. ಮೂವರಿಗೂ ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುವವರಿಗೆ ನಾವು ಸರದಿಯಲ್ಲಿ ಒಬ್ಬರ ಮೇಲೆ ಒಬ್ಬರು ಹಾಕುತ್ತಿದ್ದೆವು. "ಅಕ್ಕನದು ಮೊದಲು ಆಗಲಿ," ಎಂದು ನಾನು ಹೇಳುವುದು, "ಚಿಕ್ಕವರದ್ದು ಆಗಲಿ, ನಮ್ಮದು ಹೋಯ್ತು," ಎಂದು ಅವಳು ಹೇಳುವುದು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಉಡುಪಿ ಕಡೆಯವಳು, ನನ್ನ ಹಾಗೆ ತುಳು ಮನೆಮಾತಿನವಳು, ನನಗಿಂತ ಸಾಕಷ್ಟು ದೊಡ್ಡವಳು. ರುಮೈಥಿಯಾದ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವ ನರ್ಸ್ ಆಗಿದ್ದಳು. ಮೊದಲ ವರ್ಷ ನಾನು ಅವಳಿಗೆ "ನೀವು" ಎನ್ನುತ್ತಿದ್ದೆ. ದಿನಾ ಒಂದೇ ಬಾತ್‌ರೂಮಿನ ಬಾಗಿಲಲ್ಲಿ ಸರದಿ ನಿಂತು ನಿಂತು ಅದು "ನೀನು" ಆಯಿತು. ಇನ್ನೊಬ್ಬಳು ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್, ಆಸ್ಪತ್ರೆಯ ನರ್ಸ್. ಅವಳನ್ನು ನಾವು "ಬಾಯಿ" ಎನ್ನುತ್ತಿದ್ದೆವು. ಅವರಲ್ಲಿ ಹುಡುಗಿಯರನ್ನು ಕರೆಯುವುದೇ ಹಾಗೆ. ಆದರೆ ಅವಳ ವಿಷಯದಲ್ಲಿ ಕನ್ನಡದ ಅರ್ಥವೂ ಸರಿಯಾಗಿ ಹೊಂದುತ್ತಿತ್ತು. ಬಾಯಿ ಒಂದು ಸಲ ತೆರೆದರೆ ಮುಚ್ಚುವ ಕ್ರಮವಿರಲಿಲ್ಲ.

ಅಕ್ಕನಿಗೆ ಕೊಂಕಣಿ ಬಾರದು, ಬಾಯಿಗೆ ತುಳು ಅರ್ಧಂಬರ್ಧ. ಹೀಗಾಗಿ ಮನೆಯ ಭಾಷೆ ಕನ್ನಡವಾಯಿತು. ಶುಕ್ರವಾರ ರಜೆ. ಬಾಯಿ ಬೆಳಿಗ್ಗೆ ಇಗರ್ಜಿಯ ಪ್ರಾರ್ಥನೆಗೆ ಹೋಗಿ ಬರುವಷ್ಟರಲ್ಲಿ ನಾನು ಮೀನು ತರಬೇಕು, ಅಕ್ಕ ಮಸಾಲೆ ಅರೆದಿಡಬೇಕು. ಇಲ್ಲಿಯವರು ಝುಬೈದಿ ಎನ್ನುವ ಮೀನು ನಮ್ಮ ಮಾಂಜಿಯೇ. ಅದಕ್ಕೆ ತೆಂಗಿನಕಾಯಿ ಎಷ್ಟು ಹಾಕಬೇಕು ಎನ್ನುವ ಬಗ್ಗೆ ಉಡುಪಿಗೂ ಮಂಗಳೂರಿಗೂ ಒಮ್ಮತವಾದದ್ದನ್ನು ನಾನು ನೋಡಲಿಲ್ಲ. ಅವರಿಬ್ಬರ ಜಗಳ ಮುಗಿಯುವ ಹೊತ್ತಿಗೆ ನಾನು ಎರಡು ತುಂಡು ತಿಂದಿರುತ್ತಿದ್ದೆ. ಊಟವಾದ ಮೇಲೆ ಬಾಯಿ ಅಕ್ಕನ ಹಿಂದೆ ಕೂತು ಅವಳ ಉದ್ದ ಕೂದಲಿಗೆ ಎಣ್ಣೆ ಹಚ್ಚಿ ಬಾಚುವಳು. ನನ್ನ ಕೂದಲು ಗಿಡ್ಡ, ಅದಕ್ಕೆ ಆ ಭಾಗ್ಯವಿರಲಿಲ್ಲ.

ಹತ್ತು ವರ್ಷಕ್ಕೂ ಹೆಚ್ಚು ಹೀಗೆ ನಡೆಯಿತು. ನಾನು ಸುಖವಾಗಿದ್ದೆ. ಆಗ ಹಾಗೆಂದು ಹೇಳಿಕೊಳ್ಳಬೇಕು ಅನಿಸಿರಲಿಲ್ಲ, ಅಷ್ಟೇ.

ರುಮೈಥಿಯಾದ ಅಜ್ಜಿ ತೀರಿಕೊಂಡರು. ಆ ಮನೆಯವರು ಒಳ್ಳೆಯವರು, ಅಕ್ಕನನ್ನು ಅಪ್ಪಿಕೊಂಡು ಅತ್ತರು. ಆದರೆ ಅಜ್ಜಿಯೇ ಇಲ್ಲದ ಮೇಲೆ ಅಜ್ಜಿಯ ನರ್ಸ್ ಯಾಕೆ? ಅಕ್ಕನ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಬೇರೆ ಧಣಿಗೆ ಬದಲಾಗಬೇಕಿತ್ತು, ಇಲ್ಲವೇ ಊರಿಗೆ ಹೋಗಬೇಕಿತ್ತು. ಅದೇ ಸಮಯಕ್ಕೆ ಬಾಯಿಯ ಆಸ್ಪತ್ರೆಯಲ್ಲಿ ಎಲ್ಲ ನರ್ಸ್‌ಗಳ ಬಾಯಲ್ಲೂ ಕೆನಡಾ ಕೆನಡಾ. ಬಾಯಿ ತಾನೂ ಅರ್ಜಿ ಹಾಕಿದಳು, ಅಕ್ಕನ ಕೈಹಿಡಿದು ಅವಳದನ್ನೂ ಹಾಕಿಸಿದಳು. ನರ್ಸ್‌ಗಳಿಗೆ ಲೋಕದ ಬಾಗಿಲು ತೆರೆದೇ ಇರುತ್ತದೆ. ಆ ಬಾಗಿಲಿಗೆ ಟಿಕೆಟ್ ಮಾಡಿಕೊಡುವವಳನ್ನು ಯಾರೂ ಒಳಗೆ ಕರೆಯುವುದಿಲ್ಲ. ನಾನು ಕೇಳಿಯೂ ನೋಡಿದೆ.

ಕೆಲಸ ಇಬ್ಬರಿಗೂ ಸಿಕ್ಕಿತು, ಆದರೆ ಎರಡು ಬೇರೆ ಊರುಗಳಲ್ಲಿ. ಎರಡೂ ಕೆನಡಾದ ಉತ್ತರ ತುದಿಯಲ್ಲಿ, ಚಳಿಗಾಲದಲ್ಲಿ ಸೂರ್ಯ ಹಣಕಿ ನೋಡಿ ಹೋಗುವ ಕಡೆ. ಬಾಯಿಗೆ ವೈಟ್‌ಹಾರ್ಸ್ ಎಂಬ ಊರಿನ ವೃದ್ಧರ ಆರೈಕೆ ಕೇಂದ್ರ. ಅಕ್ಕನಿಗೆ ಯೆಲ್ಲೋನೈಫ್ ಎಂಬಲ್ಲಿ ಅಂಥದೇ ಕೆಲಸ. ನಾನು ಬಿಡುತ್ತೇನೆಯೇ? "ಒಬ್ಬಳು ಬಿಳಿ ಕುದುರೆ ಹತ್ತಿದಳು, ಇನ್ನೊಬ್ಬಳು ಹಳದಿ ಚಾಕು ಹಿಡಿದಳು, ಇನ್ನು ಯುದ್ಧ ಒಂದು ಬಾಕಿ" ಎಂದು ತಮಾಷೆ ಮಾಡಿದೆ. ಅದು ಮುಂದೆ ನಿಜವಾಗುತ್ತದೆ ಎಂದು ಗೊತ್ತಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ.

ಅಕ್ಕನಿಗೆ ಹೋಗುವ ಮನಸ್ಸು ಅಷ್ಟಾಗಿ ಇರಲಿಲ್ಲ. "ಈ ಪ್ರಾಯದಲ್ಲಿ ಅಷ್ಟು ದೂರ ಒಬ್ಬಳೇ ಹೇಗೆ?" ಎನ್ನುತ್ತಿದ್ದಳು. ಕೊನೆಗೆ ಒಂದು ದಿನ ನನಗೆ ಹೇಳಿದಳು: "ಬಾಯಿಯ ಊರಿಗೂ ನನ್ನ ಊರಿಗೂ ಎಷ್ಟು ದೂರ ಉಂಟು, ವಿಮಾನದಲ್ಲಿ ಎಷ್ಟು ಹೊತ್ತು, ನೀನು ಸರಿಯಾಗಿ ನೋಡಿ ಹೇಳು ಮಾರಾಯ್ತಿ. ಹತ್ತಿರ ಇದ್ರೆ ಹೋಗ್ತೇನೆ. ಇಲ್ಲದಿದ್ರೆ ಊರಿಗೆ ಹೋಗಿ ಬೀಡಿ ಕಟ್ಟಿಯಾದರೂ ಬದುಕ್ತೇನೆ."

ನೋಡಿದೆ. ಕೆನಡಾದ ವಿಮಾನ ನಿಲ್ದಾಣಗಳ ಗುರುತಿನ ಅಕ್ಷರಗಳು ಹೆಚ್ಚಾಗಿ ವೈಯಿಂದಲೇ ಶುರುವಾಗುತ್ತವೆ. ಬಾಯಿಯದು ವೈ ಎಕ್ಸ್ ವೈ, ಅಕ್ಕನದು ವೈ ಝೆಡ್ ಎಫ್. ನಕ್ಷೆಯಲ್ಲಿ ಎರಡರ ನಡುವೆ ಎರಡು ಬೆರಳು ಜಾಗ. ನೆಟ್ಟಗೆ ಹಾರಿದರೂ ಸಾವಿರ ಕಿಲೋಮೀಟರಿನ ಮೇಲೆ, ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ಅದರ ಎರಡರಷ್ಟಕ್ಕೆ ಹತ್ತಿರ. ವಿಮಾನಕ್ಕೆ ಎರಡು ಗಂಟೆಗೆ ಸ್ವಲ್ಪ ಕಡಿಮೆ. ನೇರ ವಿಮಾನ ವಾರದ ಕೆಲವು ದಿನ ಮಾತ್ರ. ಉಳಿದ ದಿನ ದಕ್ಷಿಣದ ದೊಡ್ಡ ಊರಿಗೆ ಇಳಿದು, ಕಾದು, ಮತ್ತೆ ಹತ್ತಿ ಹೋಗಬೇಕು, ದಿನವೇ ಮುಗಿಯುತ್ತದೆ. ಒಂದು ನೇರ ವಿಮಾನದ ವೇಳೆಯನ್ನು ಅಚ್ಚು ಹಾಕಿ ಮೇಜಿನ ಮೇಲಿಟ್ಟೆ. ಸಂಜೆ ಮನೆಗೆ ಹೋಗಿ ಕೂತು ವಿವರಿಸೋಣವೆಂದು.

ಅವತ್ತು ಬಾಯಿ ಡ್ಯೂಟಿ ಮುಗಿಸಿ ನನ್ನ ಆಫೀಸಿಗೆ ಬಂದಳು, ಒಟ್ಟಿಗೆ ಮನೆಗೆ ನಡೆಯಲಿಕ್ಕೆ. ನನ್ನ ಎದುರು ಗಿರಾಕಿಗಳಿದ್ದರು. ಅವಳು ಕಾದು ಕಾದು ಬೇಸರವಾಗಿ ಆ ಹಾಳೆಯನ್ನು ಎತ್ತಿಕೊಂಡು, "ನಾನು ಹೋದೆ" ಎಂದು ಕೈಬೀಸಿ ಹೊರಟೇಬಿಟ್ಟಳು.

ಹಾಳೆಯಲ್ಲಿ ಇದ್ದದ್ದು ಯೆಲ್ಲೋನೈಫಿನಿಂದ ಮಧ್ಯಾಹ್ನ ಎರಡಕ್ಕೆ ಬಿಟ್ಟು ವೈಟ್‌ಹಾರ್ಸಿಗೆ ಎರಡೂ ಮುಕ್ಕಾಲಕ್ಕೆ ಮುಟ್ಟುವ ವಿಮಾನ. ಬಾಯಿಯ ಊರಿನ ಗಡಿಯಾರ ಆ ವರ್ಷಗಳಲ್ಲಿ ಅಕ್ಕನ ಊರಿನದಕ್ಕಿಂತ ಒಂದು ಗಂಟೆ ಹಿಂದೆ. ಆ ಒಂದು ಗಂಟೆ ಹಾಳೆಯಲ್ಲಿ ಕಾಣುವುದಿಲ್ಲ. ಇಷ್ಟು ವರ್ಷ ಮಂಗಳೂರಿಗೆ ಹೋಗಿ ಬಂದು ಮಾಡಿದವಳು, ಊರಿಗೆ ಫೋನ್ ಮಾಡುವ ಮೊದಲು ದಿನಾ ಎರಡೂವರೆ ಗಂಟೆ ಕೂಡಿಸುವವಳು, ಒಂದೇ ದೇಶದೊಳಗೆ ಎರಡು ಗಡಿಯಾರ ಇರಬಹುದು ಎಂದು ಬಾಯಿ ಯೋಚಿಸಲಿಲ್ಲ. ನಮಗೆಲ್ಲ ದೇಶ ಬದಲಾದರೆ ಗಂಟೆ ಬದಲಾಗುತ್ತದೆ, ಅಷ್ಟೇ ಗೊತ್ತು. ಕಾಸರಗೋಡಿನಿಂದ ಕೊಲ್ಕತ್ತದವರೆಗೆ ಒಂದೇ ಗಡಿಯಾರದಲ್ಲಿ ಬೆಳೆದವರು.

ನಾನು ಬಾಗಿಲು ತೆರೆಯುವಾಗಲೇ ಮೀನು ಹುರಿಯುವ ವಾಸನೆ. ವಾರದ ನಡುವೆ, ಅದೂ ಮಾಂಜಿ. ಅಕ್ಕನ ಮುಖದಲ್ಲಿ ಅಜ್ಜಿ ಸತ್ತ ಮೇಲೆ ನಾನು ಕಾಣದ ನಗು. "ಮುಕ್ಕಾಲು ಗಂಟೆಯಂತಲ್ಲ! ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಅದಕ್ಕಿಂತ ಜಾಸ್ತಿ ಆಗ್ತದೆ. ನಾನು ಹೋಗ್ತೇನೆ ಅಂತ ಅವರಿಗೆ ಬರೆದಾಯ್ತು."

"ಮುಕ್ಕಾಲು ಅಲ್ಲ ಅಕ್ಕ," ಎಂದೆ. "ಗಡಿಯಾರ ಬೇರೆ ಬೇರೆ. ಎರಡು ಗಂಟೆ ಹತ್ತಿರ ಉಂಟು. ಸಾವಿರ ಕಿಲೋಮೀಟರ್ ಮೇಲೆ. ದಿನಾ ವಿಮಾನ ಇಲ್ಲ."

"ಎರಡು ಗಂಟೆ ಆದ್ರೆಂತ?" ಎಂದಳು ಬಾಯಿ, ತಪ್ಪು ಒಪ್ಪಿಕೊಳ್ಳುವ ಜಾತಿಯವಳಲ್ಲ. "ಕೆನಡಾದಲ್ಲಿ ಅದು ಹತ್ತಿರವೇ. ದೊಡ್ಡ ದೇಶ ಅಲ್ವಾ?"

ಅಕ್ಕ ಕಾವಲಿಯ ಮೇಲಿನ ಮೀನು ಮಗುಚಿ ಹಾಕಿದಳು. "ವಿಮಾನದಲ್ಲಿ ಕೂತ ಮೇಲೆ ಕಿಲೋಮೀಟರ್ ಯಾರಿಗೆ ಬೇಕು? ಕೂತ್ಕೊ, ತಿನ್ನು."

ನಾನು ಇನ್ನೊಮ್ಮೆ ಹೇಳಿದೆ. ಅವಳು ಹೂಂ ಎಂದಳು. ಆದರೆ ಮೊದಲು ಕಿವಿಗೆ ಬಿದ್ದ ಮುಕ್ಕಾಲು ಗಂಟೆ ಅವಳ ತಲೆಯಲ್ಲಿ ಕೂತಾಗಿತ್ತು. ಹೋಗಬೇಡಿ, ನನ್ನನ್ನು ಬಿಟ್ಟು ಹೋಗಬೇಡಿ ಎಂದು ನಾಲಿಗೆಯವರೆಗೆ ಬಂದದ್ದನ್ನು ಮೀನಿನ ಜೊತೆ ನುಂಗಿದೆ. ಹಾಗೆ ಹೇಳಲು ನಾನು ಯಾರು? ಒಂದೇ ಮನೆಯ ಬಾಡಿಗೆ ಹಂಚಿಕೊಂಡವಳು.

ಬಾಯಿ ಮೊದಲು ಹೋದಳು, ಒಂದು ತಿಂಗಳ ನಂತರ ಅಕ್ಕ. ಇಬ್ಬರ ಟಿಕೆಟನ್ನೂ ನಾನೇ ಮಾಡಿದೆ. ಅಕ್ಕನ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಕುಚ್ಚಲಕ್ಕಿ ಹೆಚ್ಚಿತ್ತು. ವಿಮಾನ ನಿಲ್ದಾಣದಲ್ಲಿ ಅವಳು ಒಳಗೆ ಹೋಗುವ ಗೇಟಿನವರೆಗೆ ಹೋಗಿ, ತಿರುಗಿ ಬಂದು, ಫ್ರಿಜ್ಜಿನಲ್ಲಿ ಹುಣಿಸೆ ಗಟ್ಟಿ ಇದೆ, ಹಾಳುಮಾಡಬೇಡ ಎಂದು ಹೇಳಿ ಹೋದಳು. ನಾನು ಬಸ್ಸಿನಲ್ಲಿ ಮನೆಗೆ ಬಂದು ಆ ಹುಣಿಸೆಹಣ್ಣು ನೋಡಿ ಅತ್ತೆ.

ಆ ಮನೆ ಒಬ್ಬಳಿಗೆ ದೊಡ್ಡದು. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಒಂದು ಕೋಣೆ ಹಿಡಿದೆ. ಕಟ್ಟಡ ನೋಡಿಕೊಳ್ಳುವ ಹಾರಿಸ್ ಈಜಿಪ್ಟಿನ ಮುದುಕ. ಮೂವರ ಸಾಮಾನನ್ನು ಮೇಲೆ ಸಾಗಿಸಲು ಬಂದವನು ಒಬ್ಬಳ ಸಾಮಾನು ಮಾತ್ರ ನೋಡಿ, ನಿನ್ನ ಅಕ್ಕತಂಗಿಯರೆಲ್ಲಿ ಎಂದು ಕೇಳಿದ. ಕೆನಡಾ ಎಂದೆ. ಅವನು ತಲೆಯಾಡಿಸಿ, "ಖಲಾಸ್" ಎಂದ. ಇಲ್ಲಿ ಮುಗಿಯಿತು ಎನ್ನಲು ಎಲ್ಲರೂ ಹೇಳುವ ಮಾತು ಅದು. ಅವನಿಗೆ ಕೆಟ್ಟ ಮನಸ್ಸೇನಿರಲಿಲ್ಲ, ಆದರೂ ನನಗೆ ಅವನ ಮೇಲೆ ವಾರವಿಡೀ ಸಿಟ್ಟಿತ್ತು.

ಒಂಟಿತನ ನನಗೆ ಮೊದಲು ಗೊತ್ತಾದದ್ದು ಮೀನಿನ ಮಾರುಕಟ್ಟೆಯಲ್ಲಿ. ಮೂರು ಮೀನು ತೂಗಿಕೊಡುವ ಅಭ್ಯಾಸವಿದ್ದವನಿಗೆ ಒಂದು ಸಾಕು ಎಂದೆ. "ವಾಹಿದ್ ಬಸ್?" ಒಂದೇ ಸಾಕಾ ಎಂದು ಅವನು ಬೆರಳೆತ್ತಿ ಕೇಳಿದ. ಆಮೇಲೆ ನಾನು ಒಂದು ಮೀನಿಗಾಗಿ ಅಷ್ಟು ದೂರ ಹೋಗುವುದನ್ನೇ ಬಿಟ್ಟೆ. ಕೋಆಪರೇಟಿವ್ ಅಂಗಡಿಯ ಫ್ರೀಜರಿನಲ್ಲಿ ತುಂಡು ಮಾಡಿದ್ದು ಸಿಗುತ್ತದೆ, ಅದರ ತಲೆ ಯಾವುದು ಬಾಲ ಯಾವುದು ಕೇಳುವವರಿಲ್ಲ.

ಆ ವರ್ಷ ಕ್ರಿಸ್‌ಮಸ್ಸಿಗೆ ಅಕ್ಕ ಬಾಯಿಯ ಊರಿಗೆ ಹೋಗುವುದೆಂದು ಮಾತಾಗಿತ್ತು. ಬಾಯಿ ಒಬ್ಬಳೇ ಕೂತು ಕುಸ್ವಾರ್ ಮಾಡಿದಳು, ನೆವ್ರಿ, ಕಿಡಿಯೊ, ಗುಳಿಯೊ, ಅವರ ಹಬ್ಬದ ತಿಂಡಿಗಳೆಲ್ಲ. ಅಕ್ಕ ಕೆಲಸದಲ್ಲಿ ಹಬ್ಬದ ದಿನಕ್ಕೆ ಮಾತ್ರ ರಜೆ ಕೇಳಿದ್ದಳು. ಮುಕ್ಕಾಲು ಗಂಟೆಯ ದಾರಿಗೆ ಅದಕ್ಕಿಂತ ಹೆಚ್ಚು ಯಾಕೆ? ತಾನೇ ಟಿಕೆಟ್ ಮಾಡಲು ಕೂತಾಗ ನೋಡಿದರೆ ಆ ದಿನ ನೇರ ವಿಮಾನವಿಲ್ಲ, ಸುತ್ತಿ ಹೋದರೆ ಮುಟ್ಟುವಾಗಲೇ ಹಿಂದೆ ಹೊರಡುವ ಹೊತ್ತು. ಅವಳು ಹೋಗಲಿಲ್ಲ.

ಬಾಯಿ ಫೋನಿನಲ್ಲಿ, "ಮನಸ್ಸಿದ್ರೆ ಮಾರ್ಗ. ನಿನಗೆ ಮನಸ್ಸೇ ಇರ್ಲಿಲ್ಲ" ಎಂದಳಂತೆ. ಅಕ್ಕ, "ಮುಕ್ಕಾಲು ಗಂಟೆ ಅಂತ ಸುಳ್ಳು ಹೇಳಿ ನನ್ನನ್ನು ಈ ಐಸಿನಲ್ಲಿ ತಂದು ಹಾಕಿದ್ದು ನೀನು" ಎಂದಳಂತೆ. ಅಲ್ಲಿಗೆ ಅವರಿಬ್ಬರ ಮಾತು ನಿಂತಿತು. ಎದುರೆದುರು ಇದ್ದಿದ್ದರೆ ಸಂಜೆಯೊಳಗೆ ತೆಂಗಿನಕಾಯಿಯ ಮೇಲೆ ಬೇರೆ ಜಗಳ ಶುರುವಾಗಿ ಇದು ಮರೆತುಹೋಗುತ್ತಿತ್ತು. ದೂರದಲ್ಲಿ ಜಗಳಕ್ಕೆ ಅಂಥ ಅನುಕೂಲವಿಲ್ಲ.

ಅಕ್ಕ ನನ್ನ ಮೇಲೂ ಹಾರಾಡಿದಳು. "ನೀನಾದರೂ ಹೇಳ್ಬಾರ್ದಿತ್ತಾ?"

"ಹೇಳಿದ್ದೆ ಅಕ್ಕ. ಎರಡು ಸಲ ಹೇಳಿದ್ದೆ."

"ಹೌದು, ಹೇಳಿದ್ದಿ. ನನಗೆ ಅದು ಕೇಳುದು ಬೇಡ ಇತ್ತು" ಎಂದಳು.

ಇಬ್ಬರೂ ನನಗೆ ಶುಕ್ರವಾರ ಬೆಳಿಗ್ಗೆ ಫೋನ್ ಮಾಡುತ್ತಿದ್ದರು. ನನಗೆ ರಜೆ, ಅವರಲ್ಲಿ ಇನ್ನೂ ಗುರುವಾರ, ರಾತ್ರಿಯ ಊಟ ಮುಗಿದ ಹೊತ್ತು. ಅಕ್ಕನ ಊರಿನ ಗಡಿಯಾರ ಮುಂದೆ ಇರುವುದರಿಂದ ಮೊದಲ ಫೋನ್ ಅವಳದು. ಆಮೇಲೆ ಬಾಯಿಯದು. ಅಕ್ಕ ನನ್ನ ಜೊತೆ ತುಳುವಿನಲ್ಲೇ ಮಾತಾಡುವವಳು. ಆದರೆ ಬಾಯಿಯ ವಿಷಯ ಬಂದ ಕೂಡಲೇ ಕನ್ನಡಕ್ಕೆ ಬರುತ್ತಿದ್ದಳು, ಬಾಯಿ ಆಚೆ ಕೋಣೆಯಲ್ಲಿ ಕೂತು ಕೇಳುತ್ತಿದ್ದಾಳೆ ಎಂಬ ಹಾಗೆ.

"ಅವಳ ಹತ್ರ ಹೇಳು, ಕಿವಿ ಮುಚ್ಚಿಕೊಂಡು ಹೊರಗೆ ಹೋಗ್ಲಿಕ್ಕೆ. ಅವಳಿಗೆ ಶೀತ ಆದ್ರೆ ಎದೆಗೆ ಇಳೀತದೆ. ನಾನು ಹೇಳಿದ್ದು ಅಂತ ಹೇಳ್ಬೇಡ."

ನಾನು ಹೇಳುತ್ತಿದ್ದೆ. ಬಾಯಿಗೆ ಯಾರ ಮಾತೆಂದು ಗೊತ್ತಾಗುತ್ತಿತ್ತು. "ಅವಳ ಹತ್ರ ಹೇಳು, ನನಗೆ ಯಾರ ಉಪದೇಶವೂ ಬೇಡ. ಸೊಂಟ ನೋವಿಗೆ ಅವಳು ವ್ಯಾಯಾಮ ಮಾಡ್ತಾಳಾ ಕೇಳು. ಮಾಡುದಿಲ್ಲ, ನನಗೆ ಗೊತ್ತುಂಟು. ಸೋಮಾರಿ."

ಅಕ್ಕನ ಮಾತು ಬಾಯಿಗೆ ಅದೇ ಬೆಳಿಗ್ಗೆ ಮುಟ್ಟುತ್ತಿತ್ತು. ಬಾಯಿಯ ಉತ್ತರಕ್ಕೆ ಮಾತ್ರ ಮುಂದಿನ ಶುಕ್ರವಾರದವರೆಗೆ ತಡೆಯಬೇಕು, ಬಾಯಿ ಮಾತು ಮುಗಿಸುವಷ್ಟರಲ್ಲಿ ಅಕ್ಕನ ಊರಿನಲ್ಲಿ ಮಲಗುವ ಹೊತ್ತು. ಎರಡು ಗಂಟೆಯ ದಾರಿಗೆ ನನ್ನ ಮೂಲಕ ಒಂದು ವಾರ. ಉತ್ತರವನ್ನು ದಾಟಿಸುವಾಗ ನಾನು "ಸೋಮಾರಿ"ಯನ್ನು ತೆಗೆದು ವ್ಯಾಯಾಮವನ್ನು ಮಾತ್ರ ಕೊಡುತ್ತಿದ್ದೆ, ಮಗುವಿಗೆ ಮೀನಿನ ಮುಳ್ಳು ಬಿಡಿಸಿ ಕೊಟ್ಟ ಹಾಗೆ. ಅಕ್ಕ ಅದಕ್ಕೂ, "ಇಷ್ಟೇ ಹೇಳಿದ್ದಾ? ಬೈಲಿಲ್ವಾ?" ಎಂದು ಕೇಳುತ್ತಿದ್ದಳು. ಬೈದಳು ಎಂದರೆ ಅವಳಿಗೆ ಸಮಾಧಾನ.

ನಮ್ಮ ಭಾಷೆಯಲ್ಲಿ ಒಬ್ಬರಿಗೆ ಏನಾದರೂ ಹೇಳಬೇಕೆಂದರೆ ಅವರ ಹತ್ತಿರ ಹೇಳು ಎನ್ನುತ್ತೇವಲ್ಲ, ಅದು ನನಗೆ ಆ ದಿನಗಳಲ್ಲಿ ವಿಚಿತ್ರವಾಗಿ ಕೇಳತೊಡಗಿತು. ಹತ್ತಿರ ಹೋಗದೆ ಹೇಳುವುದೇ ಸಾಧ್ಯವಿಲ್ಲ ಎಂಬಂತೆ. ಒಮ್ಮೆ ಬಾಯಿಯನ್ನು ಕೇಳಿದೆ. ಕೊಂಕಣಿಯಲ್ಲೂ ಹಾಗೇ ಎಂದಳು, ತಿಚೆಲಾಗಿಂ ಸಾಂಗ್, ಅವಳ ಹತ್ತಿರ ಹೇಳು. ನಾನು ಹವಲ್ಲಿಯ ಕಿಟಕಿಯ ಬಳಿ ಕೂತು, ಒಬ್ಬಳ ಹತ್ತಿರ ಇನ್ನೊಬ್ಬಳ ಮಾತು ಹೇಳುತ್ತ, ಇಬ್ಬರಿಂದಲೂ ಅರ್ಧ ಭೂಮಿಯಷ್ಟು ದೂರ ಇದ್ದೆ.

ಆ ಶುಕ್ರವಾರಗಳಿಗಾಗಿ ನಾನು ಬದುಕುತ್ತಿದ್ದೆ. ಇದರಲ್ಲಿ ಮುಚ್ಚಿಡುವುದೇನಿಲ್ಲ. ಗುರುವಾರ ಸಂಜೆಯೇ ಕೋಣೆ ಗುಡಿಸುತ್ತಿದ್ದೆ, ಫೋನಿನಲ್ಲಿ ಕೋಣೆ ಕಾಣದಿದ್ದರೂ. ಅವರು ರಾಜಿಯಾದರೆ ನನ್ನ ಮೂಲಕ ಮಾತಾಡುವ ಅಗತ್ಯವಿರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅವರು ರಾಜಿಯಾಗಲಿ ಎಂದೂ ನನಗೆ ಆಸೆಯಿತ್ತು. ಎರಡೂ ನಿಜ. ಒಂದರ ಮುಂದೆ ಒಂದನ್ನು ಇಟ್ಟು ತೂಗಲು ಹೋಗಲಿಲ್ಲ, ತೂಗಿದರೆ ಯಾವುದು ಕೆಳಗಿಳಿಯುತ್ತದೋ ಎಂಬ ಹೆದರಿಕೆ.

ಮರುವರ್ಷದ ಚಳಿಗಾಲದಲ್ಲಿ, ಶುಕ್ರವಾರವಲ್ಲದ ಒಂದು ದಿನ, ಆಫೀಸಿನ ಮಧ್ಯಾಹ್ನದ ಹೊತ್ತಿಗೆ ಅಕ್ಕನ ಫೋನ್ ಬಂತು. ಅಲ್ಲಿ ಆಗ ಇನ್ನೂ ನಸುಕು. ಕೌಂಟರಿನ ಎದುರು ನಿಂತವರಿಗೆ ಒಂದು ನಿಮಿಷ ಎಂದು ಕೈತೋರಿಸಿ ಫೋನ್ ಎತ್ತಿದೆ.

ಕೆಲಸದಿಂದ ಬರುವಾಗ ಮನೆಯ ಮೆಟ್ಟಿಲ ಬಳಿ ಐಸಿನಲ್ಲಿ ಜಾರಿ ಬಿದ್ದಿದ್ದಳು. ಬಲಗೈಯ ಮಣಿಕಟ್ಟಿನ ಮೂಳೆ ಮುರಿದು ಪ್ಲಾಸ್ಟರ್ ಹಾಕಿದ್ದರು. "ನೋವೆಲ್ಲ ಮಾತ್ರೆಯಲ್ಲಿ ಹೋಗ್ತದೆ," ಎಂದಳು ತುಳುವಿನಲ್ಲಿ. "ಅನ್ನ ಎಡಗೈಯಲ್ಲಿ ಹೇಗೋ ಉಣ್ಣಬಹುದು. ಕೂದಲು ಕಟ್ಟಲಿಕ್ಕೆ ಆಗುದಿಲ್ಲ ಮಾರಾಯ್ತಿ. ಮೂರು ದಿನ ಆಯ್ತು, ಬಿಚ್ಚಿಕೊಂಡೇ ಇದ್ದೇನೆ. ಕನ್ನಡಿ ನೋಡಿದ್ರೆ ನನಗೇ ಹೆದರಿಕೆ ಆಗ್ತದೆ." ನಗಲು ಹೋಗಿ ಅತ್ತುಬಿಟ್ಟಳು. ಅಷ್ಟು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ಕೇಳಿದ್ದು ಅಜ್ಜಿ ಸತ್ತಾಗ ಮಾತ್ರ.

ಆಮೇಲೆ ಕನ್ನಡಕ್ಕೆ ಬಂದಳು. "ಬಾಯಿಯ ಹತ್ರ ಹೇಳ್ಬೇಡ."

ಪ್ರತಿ ಸಲ "ಅವಳ ಹತ್ರ ಹೇಳು" ಎನ್ನುತ್ತಿದ್ದವಳು ಹೇಳಲೇಬೇಡ ಎಂದದ್ದು ಅದೇ ಮೊದಲು. ಜಾಗ್ರತೆ ಎಂದು ಫೋನ್ ಇಟ್ಟೆ. ಎದುರಿನವರಿಗೆ ಊರಿನ ಟಿಕೆಟ್ ಮಾಡಿಕೊಟ್ಟೆ. ಅವರೂ ಹಾಳೆ ತಿರುಗಿಸಿ ಅದೇ ಪ್ರಶ್ನೆ ಕೇಳಿದರು. ನಾನು ಗದರಲಿಲ್ಲ.

ಹೇಳಿದರೆ ಬಾಯಿ ಹೋಗುತ್ತಾಳೆ. ಹೋದರೆ ಇಬ್ಬರೂ ಒಂದಾಗುತ್ತಾರೆ. ಒಂದಾದರೆ ನನ್ನ ಶುಕ್ರವಾರ ಖಾಲಿ. ಇಷ್ಟು ದೂರ ಯೋಚನೆ ಹೋಯಿತು, ಹೋದದ್ದಕ್ಕೆ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಆಫೀಸಿನ ಹಿಂದಿನ ಮೆಟ್ಟಿಲಿಗೆ ಹೋಗಿ ನಿಂತು ಬಾಯಿಗೆ ಫೋನ್ ಮಾಡಿದೆ. ನಿದ್ದೆಯಲ್ಲಿದ್ದಳು. ಎಲ್ಲ ಹೇಳಿದೆ, ಕೂದಲಿನ ಮಾತನ್ನೂ. ನಿನ್ನ ಹತ್ತಿರ ಹೇಳಬೇಡ ಎಂದಿದ್ದಾಳೆ ಎನ್ನುವುದನ್ನೂ.

ಆ ಕಡೆ ಕಪಾಟು ತೆರೆದ, ಸೂಟ್‌ಕೇಸ್ ಎಳೆದ ಸದ್ದು. ನಾನು ಹಲೋ ಹಲೋ ಎಂದೆ.

"ಇದ್ದೇನೆ," ಎಂದಳು. "ಟಿಕೆಟ್ ಮಾಡು."

ಅವಳು ತನ್ನ ಮೊಬೈಲಿನಲ್ಲೇ ಮಾಡಿಕೊಳ್ಳಬಹುದಿತ್ತು. ನಾನು ಅದನ್ನು ಹೇಳಲಿಲ್ಲ, ಅವಳೂ ಹೇಳಲಿಲ್ಲ. ಮೇಜಿಗೆ ಬಂದು ಕೂತೆ. ಅಷ್ಟು ವರ್ಷ ಲೋಕದ ಎಲ್ಲ ಊರುಗಳಿಗೆ ಟಿಕೆಟ್ ಮಾಡಿದ್ದೆ, ವೈ ಎಕ್ಸ್ ವೈಯಿಂದ ವೈ ಝೆಡ್ ಎಫ್‌ಗೆ ಮಾಡಿದ್ದು ಅದೊಂದೇ. ಆ ವಾರ ನೇರ ವಿಮಾನದಲ್ಲಿ ಸೀಟಿತ್ತು.

"ಎಷ್ಟು ಹೊತ್ತು?" ಎಂದು ಬಾಯಿ ಕೇಳಿದಳು.

"ಎರಡು ಗಂಟೆಗೆ ಸ್ವಲ್ಪ ಕಡಿಮೆ. ಆದರೆ ಹಾಳೆಯಲ್ಲಿ 'ಮೂರು ಗಂಟೆ ಹತ್ತಿರ' ಅಂತ ಕಾಣ್ತದೆ. ಆ ಕಡೆಗೆ ಹೋಗುವಾಗ ಒಂದು ಗಂಟೆ ಕೂಡ್ತದೆ. ನೋಡಿ ಗಾಬರಿ ಆಗ್ಬೇಡ."

"ನಮ್ಮ ಊರಿಗೆ ಹೋದ ಹಾಗೆ," ಎಂದಳು. "ಹೋಗುವಾಗ ಜಾಸ್ತಿ." ಆಮೇಲೆ, "ಈ ಸಲ ಹಾಳೆ ನೋಡ್ಲಿಲ್ಲ. ನಿನ್ನ ಹತ್ರವೇ ಕೇಳಿದೆ" ಎಂದಳು. ಅವಳು ತಪ್ಪು ಒಪ್ಪಿಕೊಂಡದ್ದು ಇಷ್ಟೇ, ಅದೂ ನನಗೆ ಮಾತ್ರ ಅರ್ಥವಾಗುವ ಹಾಗೆ.

ಶುಕ್ರವಾರ ಬೆಳಿಗ್ಗೆ ನಾನು ಎಂದಿನಂತೆ ಚಹಾ ಮಾಡಿಕೊಂಡು ಕಿಟಕಿಯ ಬಳಿ ಕೂತೆ. ಅಕ್ಕನ ಹೊತ್ತು ಕಳೆಯಿತು. ಬಾಯಿಯ ಹೊತ್ತಿಗೆ ಸರಿಯಾಗಿ ಅಕ್ಕನ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಬಾಯಿ.

"ನೋಡು ಇವಳ ತಲೆ, ಹಕ್ಕಿ ಗೂಡು ಕಟ್ಟಬಹುದು. ಸ್ಪೀಕರಿನಲ್ಲಿ ಹಾಕಿದ್ದೇನೆ, ಎರಡು ಕೈಯೂ ಎಣ್ಣೆ."

"ಇವಳ ಹತ್ರ ಹೇಳ್ಬೇಡ ಅಂದಿದ್ದೆ ನಿನಗೆ," ಎಂದು ಅಕ್ಕನ ಸ್ವರ ಬಂತು. ಬೈಗುಳದ ಹಾಗೆ ಕೇಳಲೇ ಇಲ್ಲ.

"ಅಲ್ಲಾಡ್ಬೇಡ!"

"ಎಳೀಬೇಡ!"

ನಾನು ನಕ್ಕೆ. ವಿಮಾನ ಸರಿಯಾದ ಹೊತ್ತಿಗೆ ಮುಟ್ಟಿತಾ ಎಂದು ಕೇಳಿದೆ. ಮುಟ್ಟಿತು, ಊಟ ಇನ್ನೂ ಆಗ್ಲಿಲ್ಲ ಎಂದಳು ಬಾಯಿ. ಅಷ್ಟರಲ್ಲಿ ಕುಕ್ಕರ್ ಕೂಗಿತು. ಅಕ್ಕ ಏನೋ ಹೇಳಿದಳು, ಬಾಯಿ ಎದ್ದುಹೋದ ಸದ್ದು. ಪಾತ್ರೆಯ ಮುಚ್ಚಳ. "ಇಷ್ಟು ಕಾಯಿ ಯಾರು ಹಾಕ್ತಾರೆ?" "ನೀವು ಮಂಗಳೂರಿನವರು ನೀರು ಕುಡೀರಿ, ನಾವು ಸಾರು ತಿಂತೇವೆ." "ಒಂದು ಕೈ ಮುರಿದ್ರೂ ನಾಲಿಗೆ ಮುರೀಲಿಲ್ಲ ನೋಡು." ಆ ಹಳೇ ಜಗಳ, ಅದೇ ಮಾತುಗಳು. ಪ್ಯಾಕೆಟಿನ ತುರಿದ ಕಾಯಿಯಿರಬೇಕು ಅಲ್ಲಿ, ಆದರೂ ಬಿಡಲಿಲ್ಲ.

ಫೋನ್ ಮೇಜಿನ ಮೇಲೋ ಎಲ್ಲೋ ಉಳಿದಿತ್ತು. ನಾನು ಇದ್ದೇನೆ ಎಂಬುದನ್ನು ಅವರು ಮರೆತರು. ತಪ್ಪೇನಲ್ಲ, ಹಿಂದೆಯೂ ಅವರು ಜಗಳವಾಡುವಾಗ ನಾನು ಸುಮ್ಮನೆ ಮೀನು ತಿನ್ನುತ್ತಿದ್ದವಳೇ ತಾನೆ. ಕಣ್ಣು ಮುಚ್ಚಿಕೊಂಡು ತುಂಬ ಹೊತ್ತು ಕೇಳಿದೆ. ಚಮಚ, ನಲ್ಲಿ, ಕುರ್ಚಿ ಎಳೆದ ಸದ್ದು, ಆಮೇಲೆ ಇಬ್ಬರ ನಗು. ಕೊನೆಗೆ "ಇಡ್ತೇನೆ" ಎಂದೆ. ಯಾರಿಗೂ ಕೇಳಿಸಲಿಲ್ಲ. ಇಟ್ಟೆ.

ಚಹಾ ಆರಿತ್ತು. ಆದರೂ ನನಗೆ ಸಂತೋಷ ತಡೆಯಲಾಗಲಿಲ್ಲ, ಎದ್ದು ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದೆ. ಅವರು ಮಾತಾಡಿದರು, ನಗಾಡಿದರು, ಬಾಯಿ ಹೋಗಿ ತಲೆ ಬಾಚಿದಳು! ಇದನ್ನು ಕೂಡಲೇ ಯಾರಿಗಾದರೂ ಹೇಳಬೇಕಿತ್ತು. ಫೋನ್ ಕೈಗೆತ್ತಿಕೊಂಡೆ, ಹೆಬ್ಬೆರಳು ತನ್ನಷ್ಟಕ್ಕೆ ಮೇಲಿನ ಎರಡು ಹೆಸರುಗಳ ಮೇಲೆ ಹೋಯಿತು. ಅಕ್ಕ ಮತ್ತು ಬಾಯಿ ಒಂದಾದರು ಎಂಬ ಸುದ್ದಿಯನ್ನು ನಾನು ಹೇಳಬಹುದಾಗಿದ್ದದ್ದು ಅವರಿಬ್ಬರ ಹತ್ತಿರ ಮಾತ್ರ.